ಮಿಯಾಟಾ ಸಸ್ಪೆನ್ಷನ್ ಹದ ಮಾಡುವ ಕ್ರಮ: ಮೊದಲು ಜಾಗ, ಗಟ್ಟಿ ಆಮೇಲೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನನ್ನ ಗ್ಯಾರೇಜಿನಲ್ಲಿ ನಿಂತಿರುವುದು 2001ರ ಮಾಜ್ದಾ ಮಿಯಾಟಾ. ಎರಡನೇ ತಲೆಮಾರಿನದು, ಮಿಯಾಟಾ ಹುಚ್ಚಿನವರು ಎನ್‌ಬಿ ಅನ್ನುತ್ತಾರೆ. ಎರಡೇ ಸೀಟು, ತೂಕ 1,070 ಕೆಜಿ ಆಸುಪಾಸು, ಎಂಜಿನ್ ಮುಂದೆ, ತಳ್ಳುವುದು ಹಿಂದಿನ ಚಕ್ರ, ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಇಷ್ಟು ಒಳ್ಳೆಯ ಸಾಮಾನನ್ನು ಕೊಂಡ ಮೂರೇ ತಿಂಗಳಲ್ಲಿ ನಾನು ಕೆಡಿಸಿದೆ. ಆನ್‌ಲೈನ್‌ನಲ್ಲಿ ಯಾರೋ ಮಾರುತ್ತಿದ್ದ ಹಳೆಯ ಕಾಯಿಲೋವರ್ ಸೆಟ್ (ಸ್ಪ್ರಿಂಗ್ ಮತ್ತು ಅದರ ಕುಣಿತ ತಡೆಯುವ ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಒಟ್ಟಿಗೆ ಇರುವ, ಎತ್ತರ ಬದಲಿಸಬಹುದಾದ ಜೋಡಿ) ಅಗ್ಗಕ್ಕೆ ಸಿಕ್ಕಿತು, ಹಾಕಿದೆ, ಎರಡು ಇಂಚು ಇಳಿಸಿದೆ, ನೋಡಲು ಚೆಂದ ಕಾಣಿಸಿತು. ಅದೇ ವಾರ ಅಮ್ಮ ತುಮಕೂರಿನಿಂದ ಬಂದಿದ್ದರು. 880 ಫ್ರೀವೇಯಲ್ಲಿ ಇಪ್ಪತ್ತು ನಿಮಿಷ ಕೂತು, ಸೊಂಟ ಹಿಡಿದುಕೊಂಡು ಇಳಿದು, "ಎತ್ತಿನ ಗಾಡಿನೇ ವಾಸಿ ಕಣೋ, ಅದಕ್ಕೆ ಹುಲ್ಲಾದರೂ ಹಾಸ್ತಾರೆ" ಅಂದರು.

ಅಮ್ಮನ ತಕರಾರು ಕುಲುಕಾಟದ್ದು. ನನ್ನ ತಕರಾರು ಬೇರೆ ಇತ್ತು. ಸ್ಕೈಲೈನ್ ರಸ್ತೆಯಲ್ಲಿ ತಿರುವಿನ ನಡುವೆ ಸಣ್ಣದೊಂದು ಉಬ್ಬು ಸಿಕ್ಕರೂ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತಿತ್ತು. ಗಟ್ಟಿ ಮಾಡಿದರೆ ಕುಲುಕುತ್ತದೆ, ಆದರೆ ಹಿಡಿತ ಜಾಸ್ತಿ ಸಿಗುತ್ತದೆ ಅಂದುಕೊಂಡಿದ್ದೆ. ಇಲ್ಲಿ ಎರಡೂ ಕೈಕೊಟ್ಟಿತ್ತು. ಎರಡಕ್ಕೂ ಕಾರಣ ಒಂದೇ: ಸಸ್ಪೆನ್ಷನ್‌ಗೆ ಆಡಲು ಜಾಗವೇ ಉಳಿದಿರಲಿಲ್ಲ. ಚಕ್ರ ಮೇಲೆ ಏಳಬೇಕಾದಾಗ ಏಳಲು ಆಗದಿದ್ದರೆ ಕಾರೇ ಏಳುತ್ತದೆ. ಕಾರು ಎದ್ದರೆ ಟೈರು ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಎಂಥ ಹಿಡಿತ?

ಅದನ್ನು ಸರಿ ಮಾಡಿಕೊಳ್ಳಲು ನನಗೆ ಒಂದೂವರೆ ವರ್ಷ ಹಿಡಿಯಿತು, ಯಾಕೆಂದರೆ ತಪ್ಪು ಕ್ರಮದಲ್ಲಿ ಮಾಡಿದೆ. ಸರಿಯಾದ ಕ್ರಮ ಕೆಳಗಿದೆ. ನಿಮ್ಮದು ಮಿಯಾಟಾ ಅಲ್ಲದಿದ್ದರೂ ಕ್ರಮ ಇದೇ, ಅಂಕಿ ಬದಲಾಗುತ್ತವೆ ಅಷ್ಟೆ.

ಗಾಳಿ ಮತ್ತು ರಬ್ಬರು

ಯಾವ ಪಾರ್ಟೂ ಕೊಳ್ಳುವ ಮೊದಲು ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಓದಿ. 15 ಇಂಚಿನ ಚಕ್ರದ ನನ್ನ ಕಾರಿಗೆ ಅದರಲ್ಲಿ ಬರೆದಿರುವುದು 26 ಪಿಎಸ್ಐ. ಹೌದು, 26. ಟೈರ್ ಅಂಗಡಿಯವರಿಗೆ ಈ ಸಂಖ್ಯೆ ನಂಬಿಕೆಯೇ ಬರುವುದಿಲ್ಲ. ಒಮ್ಮೆ ಹೊಸ ಟೈರ್ ಹಾಕಿಸಿಕೊಂಡು ಬಂದು ಅಳೆದರೆ 38 ಇತ್ತು, ಅದೂ ನಾಲ್ಕಕ್ಕೂ. ಟೈರ್ ಕೂಡ ಒಂದು ಸ್ಪ್ರಿಂಗೇ ಅಲ್ವಾ, ರಸ್ತೆಗೆ ಎಲ್ಲಕ್ಕಿಂತ ಹತ್ತಿರ ಇರುವ ಸ್ಪ್ರಿಂಗ್. ಅದನ್ನು ಕಲ್ಲು ಮಾಡಿಟ್ಟು ಡ್ಯಾಂಪರ್ ತಿರುಗಿಸುತ್ತಾ ಕೂತರೆ ಏನೂ ಗೊತ್ತಾಗುವುದಿಲ್ಲ. ಬೆಳಗ್ಗೆ ಟೈರ್ ತಣ್ಣಗಿರುವಾಗ ಅಳೆಯಿರಿ. 26ರಿಂದ ಶುರು ಮಾಡಿ, ಎರಡೆರಡು ಪಿಎಸ್ಐ ಏರಿಸುತ್ತಾ ಒಂದೇ ರಸ್ತೆಯಲ್ಲಿ ಓಡಿಸಿ ನೋಡಿ. ನನಗೆ ರಸ್ತೆಗೆ 27, ಆಟೋಕ್ರಾಸ್‌ಗೆ (ಖಾಲಿ ಜಾಗದಲ್ಲಿ ಶಂಕುಗಳ ನಡುವೆ ಓಡಿಸುವ ಸ್ಪರ್ಧೆ) 30 ಹಿತವಾಗಿದೆ. ಟೈರಿನ ಭುಜದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಎರಡು ಸುತ್ತು ಓಡಿಸಿ ಬನ್ನಿ. ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಗುಚಿದೆ. ಅಂಚು ದಾಟಿ ಪಕ್ಕೆಯವರೆಗೂ ಅಳಿಸಿದ್ದರೆ ಗಾಳಿ ಕಡಿಮೆ.

ಇನ್ನು ಬುಶ್, ತೋಳು ಕಾರಿಗೆ ಸೇರುವ ಕಡೆ ಇರುವ ರಬ್ಬರ್ ಕೀಲು. ಇಪ್ಪತ್ತು ವರ್ಷ ದಾಟಿದ ಕಾರಿನ ರಬ್ಬರ್ ಬುಶ್ ಒಡೆದಿರುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯುತ್ತದೆ, ಬಿಟ್ಟಾಗ ಮುಂದಕ್ಕೆ, ನೀವು ಕಷ್ಟಪಟ್ಟು ಮಾಡಿಸಿದ ಅಲೈನ್‌ಮೆಂಟ್ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಉದ್ದನೆಯ ಕಬ್ಬಿಣದ ಸರಳು ಇಟ್ಟು ಮೀಟಿ ನೋಡಿ, ತೋಳು ಸುಲಭವಾಗಿ ಅಲ್ಲಾಡಿದರೆ ಬದಲಿಸಿ. ತೋಳು ಚಕ್ರದ ಕಡೆ ಸೇರುವ ಗುಂಡು ಕೀಲು, ಬಾಲ್ ಜಾಯಿಂಟ್ ಕೂಡ ಹೀಗೇ.

ಇಲ್ಲಿ ಒಂದು ವಿಷಯ ಯಾರೂ ಒತ್ತಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ರಬ್ಬರ್ ಬುಶ್ ಒಳಗೆ ಒಂದು ಲೋಹದ ಕೊಳವೆ ಇರುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಆ ಕೊಳವೆ ತಿರುಗುವುದಿಲ್ಲ, ತೋಳು ಮೇಲೆ ಕೆಳಗೆ ಆಡಿದಾಗ ರಬ್ಬರೇ ಹುರಿಗೊಳ್ಳಬೇಕು. ಕಾರು ಜಾಕ್ ಮೇಲಿದ್ದು ಚಕ್ರ ಜೋತುಬಿದ್ದಿರುವಾಗ ಬೋಲ್ಟ್ ಬಿಗಿ ಮಾಡಿದರೆ ರಬ್ಬರಿಗೆ ಆ ಜೋತುಬಿದ್ದ ಸ್ಥಿತಿಯೇ ನೆಮ್ಮದಿಯ ಸ್ಥಿತಿ. ಕೆಳಗಿಳಿಸಿದ ಕೂಡಲೇ ಅದು ಹುರಿಗೊಂಡು ಕೂರುತ್ತದೆ. ಕಾರು ಅರ್ಧ ಇಂಚು ಎತ್ತರ ನಿಲ್ಲುತ್ತದೆ, ಸವಾರಿ ಬಿಗಿಯಾಗುತ್ತದೆ, ಒಂದು ವರ್ಷದಲ್ಲಿ ಬುಶ್ ಹರಿಯುತ್ತದೆ. ಆದ್ದರಿಂದ ಬೋಲ್ಟ್ ಹಾಕಿ ಸಡಿಲ ಬಿಡಿ, ಕಾರು ತನ್ನ ಕಾಲ ಮೇಲೆ ನಿಂತಮೇಲೆ, ಸ್ವಲ್ಪ ಹಿಂದೆ ಮುಂದೆ ತಳ್ಳಿ, ಆಮೇಲೆ ಬಿಗಿ ಮಾಡಿ. ಕಾರಿನಡಿ ನುಸುಳಬೇಕು, ಕಷ್ಟ. ಗಟ್ಟಿ ಮರದ ದಿಮ್ಮಿಗಳ ಮೇಲೆ ಚಕ್ರ ನಿಲ್ಲಿಸಿಕೊಂಡರೆ ಜಾಗ ಸಿಗುತ್ತದೆ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ, ಯಾವತ್ತೂ.

ಜಿಪ್ ಟೈ ಕಟ್ಟಿ ನೋಡಿ

ಈಗ ಮುಖ್ಯ ವಿಷಯ. ಡ್ಯಾಂಪರಿನ ಹೊಳೆಯುವ ಸರಳು ಇದೆಯಲ್ಲ, ಅದರ ಧೂಳುಗವಸು ಮೇಲಕ್ಕೆ ಸರಿಸಿ, ಸರಳಿಗೆ ಒಂದು ಸಣ್ಣ ಜಿಪ್ ಟೈ ಬಿಗಿಯಾಗಿ ಕಟ್ಟಿ, ಡ್ಯಾಂಪರ್ ದೇಹಕ್ಕೆ ತಾಗುವಂತೆ ಕೆಳಗೆ ತಳ್ಳಿ. ನಾಲ್ಕು ಮೂಲೆಗೂ ಕಟ್ಟಿ. ದಿನಾ ಓಡಿಸುವ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬನ್ನಿ. ಡ್ಯಾಂಪರ್ ಒಳಗೆ ಹೋದಷ್ಟೂ ಜಿಪ್ ಟೈ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಎಷ್ಟು ಜಾಗ ಬಳಕೆಯಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಹತ್ತು ಪೈಸೆ ಖರ್ಚಿಲ್ಲ.

ನನ್ನ ಕಾರಿನಲ್ಲಿ ಏನಾಗಿತ್ತು ಗೊತ್ತಾ? ನಿಂತಲ್ಲೇ ಡ್ಯಾಂಪರ್ ದೇಹಕ್ಕೂ ಬಂಪ್ ಸ್ಟಾಪ್‌ಗೂ ನಡುವೆ ಇದ್ದ ಸಂದು ನನ್ನ ಕಿರುಬೆರಳಿನ ದಪ್ಪ. ಬಂಪ್ ಸ್ಟಾಪ್ ಅಂದರೆ ಸರಳಿನ ಮೇಲ್ತುದಿಯಲ್ಲಿರುವ ಮೆತ್ತನೆಯ ಫೋಮ್ ತುಂಡು, ಡ್ಯಾಂಪರ್ ಪೂರ್ತಿ ಕುಸಿದು ಲೋಹಕ್ಕೆ ಲೋಹ ಬಡಿಯದಂತೆ ತಡೆಯಲು. ಇದು ಕೂಡ ಸ್ಪ್ರಿಂಗೇ, ಒತ್ತುತ್ತಾ ಹೋದಂತೆ ಗಟ್ಟಿಯಾಗುತ್ತಾ ಹೋಗುವ ಸ್ಪ್ರಿಂಗ್. ತಿರುವಿನಲ್ಲಿ ಕಾರು ವಾಲಿದ ಕೂಡಲೇ ಹೊರಗಿನ ಹಿಂದಿನ ಚಕ್ರ ಇದರ ಮೇಲೆ ಕೂರುತ್ತಿತ್ತು, ಹಿಂಭಾಗದ ಗಟ್ಟಿತನ ಒಂದೇ ಕ್ಷಣದಲ್ಲಿ ಹಲವು ಪಟ್ಟು ಏರುತ್ತಿತ್ತು, ಜಾರುತ್ತಿತ್ತು. ನಾನು ಅದಕ್ಕೆ ಟೈರನ್ನು ಬೈಯುತ್ತಿದ್ದೆ.

ಮಾಡಬೇಕಾದದ್ದು ಇಷ್ಟೇ: ಕಾರನ್ನು ಎತ್ತರಿಸಿ. ಅಂದ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ನನ್ನದನ್ನು 25 ಮಿ.ಮೀ. ಏರಿಸಿದೆ. ಮೊದಲ ತಲೆಮಾರಿನ ಮಿಯಾಟಾ ಇರುವವರಿಗೆ ಇನ್ನೊಂದು ದಾರಿ ಇದೆ: ಡ್ಯಾಂಪರಿನ ಮೇಲಿನ ಮೌಂಟನ್ನು ಎನ್‌ಬಿಯದಕ್ಕೆ ಬದಲಿಸುವುದು. ಅದರ ಆಕಾರದಿಂದ ಡ್ಯಾಂಪರಿಗೆ ಒಳಗೆ ಹೋಗಲು ಹೆಚ್ಚು ಜಾಗ ಸಿಗುತ್ತದೆ. ಉದ್ದದ ಬಂಪ್ ಸ್ಟಾಪ್ ಇದ್ದರೆ ಅದೇ ಜಾತಿಯ ಗಿಡ್ಡನೆಯದು ಹಾಕಬಹುದು. ಪೂರ್ತಿ ಕಿತ್ತುಹಾಕುವವರೂ ಇದ್ದಾರೆ, ಡ್ಯಾಂಪರ್ ಒಡೆದು ಎಣ್ಣೆ ಸುರಿದ ಮೇಲೆ ಬುದ್ಧಿ ಬರುತ್ತದೆ.

ಎತ್ತರ ಅಳೆಯುವುದು ಚಕ್ರದ ಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ. ನೆಲದಿಂದ ಅಳೆದರೆ ಟೈರ್ ಸವೆದಂತೆ ಲೆಕ್ಕ ತಪ್ಪುತ್ತದೆ. ಮತ್ತೆ, ಸೀಟಿನಲ್ಲಿ ನಿಮ್ಮ ತೂಕ ಇರಬೇಕು. ಇಂಡಿಯನ್ ಅಂಗಡಿಯ 20 ಪೌಂಡಿನ ಸೋನಾಮಸೂರಿ ಚೀಲ ಎಂಟು ಇಟ್ಟರೆ 160 ಪೌಂಡು, ಅಂದರೆ 72 ಕೆಜಿ ಮೇಲೆ ಸ್ವಲ್ಪ. ಸೀಟಿನ ಮೇಲೆ ಐದು, ಕಾಲಿಡುವ ಜಾಗದಲ್ಲಿ ಮೂರು. ನಮ್ಮ ಮನೆಯಲ್ಲಿ ಎಂಟು ಚೀಲ ಇರಲಿಲ್ಲ, ಗೆಳೆಯರ ಮನೆಯಿಂದ ಕಡ ತಂದೆ. ವಾಪಸು ಕೊಡುವಾಗ "ಅಕ್ಕಿಗೆ ಕಾರ್ ತೋರಿಸ್ಕೊಂಡು ಬಂದ್ಯಾ" ಅಂತ ನಕ್ಕರು.

ಸ್ಪ್ರಿಂಗ್ ಲೆಕ್ಕ, ಇದು ಭಯಪಡುವಷ್ಟಿಲ್ಲ

ಕಾಯಿಲೋವರ್ ಮಾರುವವರು "7ಕೆ", "10ಕೆ" ಅನ್ನುತ್ತಾರೆ. 7ಕೆ ಅಂದರೆ ಒಂದು ಮಿ.ಮೀ. ಕುಗ್ಗಿಸಲು 7 ಕೆಜಿ ಭಾರ ಬೇಕು. ಅಮೆರಿಕದ ಕಂಪನಿಗಳು ಇಂಚಿಗೆ ಇಷ್ಟು ಪೌಂಡು ಅನ್ನುತ್ತವೆ, 1ಕೆ ಎಂದರೆ ಸುಮಾರು 56 ಪೌಂಡು, ಹಾಗಾಗಿ 7ಕೆ ಎಂದರೆ 392. ಆದರೆ ಈ ಸಂಖ್ಯೆಯನ್ನು ಇನ್ನೊಂದು ಕಾರಿನ ಸಂಖ್ಯೆಗೆ ಹೋಲಿಸಿದರೆ ಉಪಯೋಗವಿಲ್ಲ. ಸ್ಪ್ರಿಂಗ್ ಚಕ್ರದ ಮೇಲೆ ನೇರವಾಗಿ ಕೂತಿಲ್ಲ, ತೋಳಿನ ನಡುವೆ ಎಲ್ಲೋ ಕೂತಿದೆ. ಮಿಯಾಟಾದ ಮುಂದೆ ಚಕ್ರ 10 ಮಿ.ಮೀ. ಎದ್ದರೆ ಸ್ಪ್ರಿಂಗ್ ಸುಮಾರು 7 ಮಿ.ಮೀ. ಮಾತ್ರ ಕುಗ್ಗುತ್ತದೆ. ಹಿಂದೆ ಸುಮಾರು 7.5. ಈ ಅನುಪಾತವನ್ನು ಎರಡು ಸಲ ಗುಣಿಸಬೇಕು, ಒಮ್ಮೆ ದೂರಕ್ಕೆ, ಒಮ್ಮೆ ಬಲಕ್ಕೆ. 0.7 ಗುಣಿಸು 0.7, ಅಂದರೆ 0.49. ಮುಂದಿನ 7ಕೆ ಸ್ಪ್ರಿಂಗ್ ಚಕ್ರದ ಬಳಿ ನಿಜಕ್ಕೂ 3.4ಕೆ ಮಾತ್ರ, ಅರ್ಧಕ್ಕರ್ಧ ಹೋಯಿತು.

ಆಮೇಲೆ ಬೇಕಾದದ್ದು ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನುವುದು. ಚಕ್ರದ ಬಳಿಯ ಗಟ್ಟಿತನವನ್ನು ಮೀಟರಿಗೆ ನ್ಯೂಟನ್‌ನಲ್ಲಿ ಬರೆದು, ಆ ಮೂಲೆಯಲ್ಲಿ ಸ್ಪ್ರಿಂಗ್ ಹೊತ್ತ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 0.16ರಿಂದ ಗುಣಿಸಿ. ಕಾರು, ನಾನು, ಎರಡೂ ಸೇರಿ ನಾಲ್ಕು ಪಾಲು ಮಾಡಿ, ಚಕ್ರ ಬ್ರೇಕುಗಳ ತೂಕ ಕಳೆದರೆ ಮೂಲೆಗೆ ಸುಮಾರು 245 ಕೆಜಿ ಉಳಿಯುತ್ತದೆ. ಮುಂದೆ 3ಕೆ ಸ್ಪ್ರಿಂಗ್ ಇದ್ದರೆ 1.2 ಹರ್ಟ್ಜ್ ಬರುತ್ತದೆ, ಇದು ಸಾಮಾನ್ಯ ಕಾರಿನ ಹದ. 7ಕೆಗೆ 1.9. 10ಕೆಗೆ 2.2. ದಿನಾ ಓಡಿಸುವ ಸ್ಪೋರ್ಟ್ಸ್ ಕಾರಿಗೆ 1.5ರಿಂದ 2ರೊಳಗೆ ಇಟ್ಟುಕೊಳ್ಳಿ. 2 ದಾಟಿದರೆ ಟ್ರ್ಯಾಕ್‌ಗೆ ಸರಿ, 880ಕ್ಕೆ ಅಲ್ಲ.

ಹಿಂದಿನದನ್ನು ಎಷ್ಟಿಡಬೇಕು? ಇದರ ಉತ್ತರ 1930ರ ದಶಕದ್ದು. ರೋಲ್ಸ್ ರಾಯ್ಸ್ ಬಿಟ್ಟು ಕ್ಯಾಡಿಲಾಕ್‌ಗೆ ಬಂದ ಮಾರಿಸ್ ಆಲಿ ಅನ್ನುವ ಇಂಗ್ಲಿಷ್ ಎಂಜಿನಿಯರ್ ಕಂಡುಕೊಂಡದ್ದು. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಆಮೇಲೆ ಹಿಂದಿನದಕ್ಕೆ. ಮಿಯಾಟಾದ ಎರಡು ಅಚ್ಚುಗಳ ನಡುವೆ 2,265 ಮಿ.ಮೀ., ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಅಂತರ ದಾಟಲು ಸುಮಾರು 0.08 ಸೆಕೆಂಡು. ಹಿಂಭಾಗ ಕುಣಿಯಲು ಶುರು ಮಾಡುವುದೇ ತಡವಾಗಿ. ಅದು ಮುಂಭಾಗಕ್ಕಿಂತ ಸ್ವಲ್ಪ ಬೇಗ ಕುಣಿದರೆ ಹಿಂದೆ ಬಿದ್ದದ್ದು ಓಡಿ ಬಂದು ಜೊತೆ ಸೇರಿಕೊಳ್ಳುತ್ತದೆ, ಕಾರು ಮಟ್ಟಸವಾಗಿ ಮೇಲೆ ಕೆಳಗೆ ಹೋಗುತ್ತದೆ. ನಿಧಾನ ಕುಣಿದರೆ ಮೂಗು ಏಳುವಾಗ ಬಾಲ ಇಳಿಯುತ್ತದೆ, ತಲೆ ಹಿಂದೆ ಮುಂದೆ ಹೊಡೆದಾಡುತ್ತದೆ. ಕಾಂಕ್ರೀಟ್ ಫ್ರೀವೇಯ ಜೋಡಣೆಗಳ ಮೇಲೆ ಅಮ್ಮನ ಸೊಂಟ ಹಿಡಿದದ್ದು ಈ ಕುಣಿತವೇ. ನನ್ನ ಹಳೆಯ ಸೆಟ್ ಮುಂದೆ 10ಕೆ, ಹಿಂದೆ 6ಕೆ. ಲೆಕ್ಕ ಹಾಕಿದರೆ 2.2 ಮತ್ತು 1.85, ಆಲಿ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಮುಂದಿನದನ್ನು 7ಕೆಗೆ ಇಳಿಸಿದೆ. ಈಗ ಎರಡೂ ಹೆಚ್ಚುಕಡಿಮೆ ಸಮ. ಹಿಂದಿನದನ್ನು ಇನ್ನೂ ಏರಿಸಿ ಆಲಿ ಹೇಳಿದ ಹಾಗೇ ಮಾಡಬಹುದು, ಆದರೆ ಹಿಂಚಕ್ರ ತಳ್ಳುವ ಸಣ್ಣ ಕಾರಿನ ಹಿಂಭಾಗವನ್ನು ಜಾಸ್ತಿ ಗಟ್ಟಿ ಮಾಡಿದರೆ ಮಳೆಯಲ್ಲಿ ಅದು ನಿಮಗಿಂತ ಮುಂಚೆ ಮನೆ ಸೇರಲು ನೋಡುತ್ತದೆ. ಸಮ ಸಾಕು.

ಸ್ಪ್ರಿಂಗ್ ಬದಲಿಸುವಾಗ ಅದನ್ನು ಒತ್ತಿ ಹಿಡಿಯುವ ಕಂಪ್ರೆಸರ್‌ನ ಎರಡು ಕೊಕ್ಕೆ ಎದುರುಬದುರಾಗಿ ಕೂರಿಸಿ, ಒಂದಿಷ್ಟು ಇದು, ಒಂದಿಷ್ಟು ಅದು ಅಂತ ಬಿಗಿ ಮಾಡಿ, ಮುಖ ಅದರ ನೇರಕ್ಕೆ ಇಡಬೇಡಿ. ಅನುಮಾನ ಬಂದರೆ ಈ ಒಂದು ಕೆಲಸ ಅಂಗಡಿಗೆ ಕೊಡಿ.

ಅಲೈನ್‌ಮೆಂಟ್, ದಾರ ಮತ್ತು ರಸಮಟ್ಟ ಹಿಡಿದು

ಇದನ್ನು ಎತ್ತರ ಪಕ್ಕಾ ಆದಮೇಲೆ ಮಾಡಿ, ಯಾಕೆಂದರೆ ಎತ್ತರ ಬದಲಾದರೆ ಇದೂ ಬದಲಾಗುತ್ತದೆ. ಮಿಯಾಟಾದ ಕೆಳತೋಳುಗಳಲ್ಲಿ ಮುಂದೆ ಹಿಂದೆ ಎರಡೂ ಕಡೆ ಕ್ಯಾಮ್ ಬೋಲ್ಟ್ ಇವೆ, ತಿರುಗಿಸಿದರೆ ತೋಳು ಸ್ವಲ್ಪ ಅತ್ತಿತ್ತ ಸರಿಯುತ್ತದೆ. ಮುಂದೆ ಕ್ಯಾಂಬರ್ ಮತ್ತು ಕ್ಯಾಸ್ಟರ್, ಹಿಂದೆ ಕ್ಯಾಂಬರ್ ಮತ್ತು ಟೋ, ಎಲ್ಲಾ ಅದರಲ್ಲೇ. ಮುಂದಿನ ಟೋ ಮಾತ್ರ ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನಲ್ಲಿ. ಈ ಸೌಕರ್ಯ ಎಲ್ಲ ಕಾರಿಗೂ ಇರುವುದಿಲ್ಲ. ಒಂದೇ ತೊಂದರೆ, ಕ್ಯಾಮ್ ಬೋಲ್ಟ್ ತುಕ್ಕು ಹಿಡಿದು ಬುಶ್ ಕೊಳವೆಗೆ ಅಂಟಿಕೊಂಡಿರುತ್ತದೆ. ಎರಡು ದಿನ ಮುಂಚಿನಿಂದ ಬೆಳಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಬೋಲ್ಟ್ ಹೆಡ್ ಮೇಲೆ ಬಲ ಹಾಕಿ ತಿರುಚಬೇಡಿ, ಮುರಿದರೆ ತೋಳನ್ನೇ ಕತ್ತರಿಸಬೇಕು.

ಕ್ಯಾಂಬರ್ ಅಂದರೆ ಚಕ್ರದ ತಲೆ ಎಷ್ಟು ವಾಲಿದೆ ಅನ್ನುವುದು, ಒಳಗೆ ವಾಲಿದ್ದರೆ ಮೈನಸ್. ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಚಕ್ರವೂ ವಾಲುತ್ತದೆ, ಮೊದಲೇ ಸ್ವಲ್ಪ ಒಳಗೆ ವಾಲಿಸಿಟ್ಟರೆ ಆಗ ನೇರ ನಿಲ್ಲುತ್ತದೆ. ರಸ್ತೆಗೆ ಮುಂದೆ ಮೈನಸ್ 1.2ರಿಂದ 1.5 ಡಿಗ್ರಿ, ಹಿಂದೆ ಮೈನಸ್ 1.5ರಿಂದ 1.8. ಅಳೆಯಲು ಗಾರೆ ಕೆಲಸದವರ ತೂಗುಗುಂಡು ಸಾಕು. ರಿಮ್ಮಿನ ಮೇಲಂಚಿನ ಎದುರಿಗೆ ದಾರ ಇಳಿಬಿಡಿ, ಮೇಲಂಚಿಗೂ ದಾರಕ್ಕೂ, ಕೆಳಂಚಿಗೂ ದಾರಕ್ಕೂ ಇರುವ ಅಂತರ ಅಳೆಯಿರಿ. 15 ಇಂಚಿನ ರಿಮ್ಮಿನ ಅಂಚಿನಿಂದ ಅಂಚಿಗೆ ಸುಮಾರು 400 ಮಿ.ಮೀ., ಹಾಗಾಗಿ 7 ಮಿ.ಮೀ. ವ್ಯತ್ಯಾಸಕ್ಕೆ ಒಂದು ಡಿಗ್ರಿ. ಫೋನಿನ ಆ್ಯಪ್ ಕೂಡ ನಡೆಯುತ್ತದೆ. ಆದರೆ ಗ್ಯಾರೇಜಿನ ನೆಲ ಮಟ್ಟ ಇದೆಯಾ ಅಂತ ಮೊದಲು ರಸಮಟ್ಟ ಇಟ್ಟು ನೋಡಿ. ನೀರು ಹರಿಯಲಿ ಅಂತ ಇಲ್ಲಿನ ಗ್ಯಾರೇಜುಗಳಿಗೆ ಬಾಗಿಲ ಕಡೆ ಇಳಿಜಾರು ಕೊಟ್ಟಿರುತ್ತಾರೆ. ನನ್ನದರಲ್ಲಿ ಮುಂದಿನ ಚಕ್ರದಡಿ ವಿನೈಲ್ ಟೈಲ್ಸ್ ಪೇರಿಸಿ ಮಟ್ಟ ಮಾಡಿದ್ದೇನೆ. ಎರಡು ಟೈಲ್ಸ್ ನಡುವೆ ಒಂದು ಹಿಡಿ ಕಲ್ಲುಪ್ಪು ಹರಡಿದರೆ ಚಕ್ರ ಸಲೀಸಾಗಿ ಸರಿಯುತ್ತದೆ, ಅಂಗಡಿಯವರ ತಿರುಗುವ ತಟ್ಟೆಯ ಕೆಲಸವನ್ನೇ ಮಾಡುತ್ತದೆ.

ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂದಂಚು ಒಳಗೋ ಹೊರಗೋ ತಿರುಗಿರುವುದು. ಅದನ್ನು ಅಳೆಯುವುದಕ್ಕೆ ಕಾರಿನ ಎರಡೂ ಪಕ್ಕ ಮೀನು ಹಿಡಿಯುವ ದಾರ ಬಿಗಿಯಾಗಿ ಕಟ್ಟಿ, ಜಾಕ್ ಸ್ಟ್ಯಾಂಡ್‌ಗಳಿಗೆ, ಚಕ್ರದ ಮಧ್ಯದ ಎತ್ತರದಲ್ಲಿ. ಎರಡು ದಾರವೂ ಒಂದಕ್ಕೊಂದು ಸಮಾನಾಂತರ ಇರಬೇಕು. ಎನ್‌ಬಿಯ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಒಟ್ಟು 25 ಮಿ.ಮೀ. ಅಗಲಕ್ಕೆ ನಿಂತಿವೆ, ಆದ್ದರಿಂದ ಒಂದೊಂದು ಪಕ್ಕದಲ್ಲೂ ಚಕ್ರದ ನಡುವಿನ ಹಬ್‌ನಿಂದ ದಾರದ ಅಂತರ ಮುಂದೆ 12 ಮಿ.ಮೀ.ನಷ್ಟು ಜಾಸ್ತಿ ಬರಬೇಕು. ಇದನ್ನು ಮರೆತರೆ ನಾಲ್ಕು ಗಂಟೆ ವ್ಯರ್ಥ, ಅನುಭವದ ಮಾತು. ಆಮೇಲೆ ರಿಮ್ಮಿನ ಮುಂದಂಚು ಮತ್ತು ಹಿಂದಂಚಿನಿಂದ ದಾರಕ್ಕೆ ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ. ಮುಂದೆ ಸೊನ್ನೆ ಇಡಿ. ಹಿಂದೆ ಎರಡೂ ಸೇರಿ 2ರಿಂದ 3 ಮಿ.ಮೀ. ಒಳಮುಖ ಇರಲಿ, ಕಾರು ನೆಟ್ಟಗೆ ಓಡುತ್ತದೆ. ಮುಂದೆ ಸ್ವಲ್ಪ ಹೊರಮುಖ ಇಟ್ಟರೆ ತಿರುವಿಗೆ ಚುರುಕಾಗಿ ಬೀಳುತ್ತದೆ, ಆಟೋಕ್ರಾಸ್‌ಗೆ ಮಜಾ, ಆದರೆ ಫ್ರೀವೇಯಲ್ಲಿ ಪ್ರತಿ ಗೀರನ್ನೂ ಹಿಂಬಾಲಿಸುತ್ತಾ ಹೋಗುತ್ತದೆ. ಟೈರ್ ತಿನ್ನುವುದು ಕ್ಯಾಂಬರ್ ಅಂತ ಎಲ್ಲರೂ ಬೈಯುತ್ತಾರೆ, ನಿಜವಾಗಿ ತಿನ್ನುವುದು ತಪ್ಪಾದ ಟೋ.

ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವುದು, 5 ಡಿಗ್ರಿ ಆಸುಪಾಸು, ಎರಡೂ ಕಡೆ ಸಮ ಇದ್ದರೆ ಸಾಕು. ಇದನ್ನು ಮನೆಯಲ್ಲಿ ಅಳೆಯುವುದು ತಲೆನೋವು, ನಾನು ಅಂಗಡಿಯಲ್ಲೇ ಮಾಡಿಸಿದೆ. ಅಲ್ಲಿ "ಕಂಪ್ಯೂಟರ್‌ನಲ್ಲಿ ಎಲ್ಲಾ ಹಸಿರು ಬಂದಿದೆ" ಅಂದರೆ ಒಪ್ಪಬೇಡಿ, ಹಸಿರು ಅಂದರೆ ಕಂಪನಿ ಹೇಳಿದ ವ್ಯಾಪ್ತಿಯೊಳಗೆ ಎಲ್ಲೋ ಇದೆ ಅಂತ ಅಷ್ಟೆ. ನಿಮ್ಮ ಅಂಕಿ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಡ್ಯಾಂಪರ್ ತಿರುಪು

ಫೆಂಡರ್ ಒತ್ತಿ ಕುಣಿಸಿ ನೋಡುವ ಪರೀಕ್ಷೆ ಇದೆಯಲ್ಲ, ಅದರಿಂದ ಸತ್ತ ಡ್ಯಾಂಪರ್ ಮಾತ್ರ ಗೊತ್ತಾಗುತ್ತದೆ. ಹದ ಗೊತ್ತಾಗುವುದಿಲ್ಲ.

ಡ್ಯಾಂಪರಿಗೆ ಎರಡು ಕೆಲಸ. ಚಕ್ರ ಮೇಲೆ ಏಳುವಾಗ ತಡೆಯುವುದು ಕಂಪ್ರೆಷನ್, ಮತ್ತೆ ಕೆಳಗೆ ಮರಳುವಾಗ ತಡೆಯುವುದು ರಿಬೌಂಡ್. ಕೋನಿ ಸ್ಪೋರ್ಟ್‌ನಂಥ ಡ್ಯಾಂಪರಿನಲ್ಲಿ ತಿರುಪು ರಿಬೌಂಡ್ ಮಾತ್ರ ಬದಲಿಸುತ್ತದೆ. ಒಂದೇ ತಿರುಪಿನ ಬಹಳಷ್ಟು ಕಾಯಿಲೋವರ್‌ಗಳಲ್ಲಿ ಎರಡೂ ಒಟ್ಟಿಗೇ ಬದಲಾಗುತ್ತವೆ, ಹಾಗಾಗಿ ತಿರುವಿನಲ್ಲಿ ಬಿಗಿ ಬೇಕು ಅಂತ ತಿರುಗಿಸಿದರೆ ಗುಂಡಿಗೂ ಬಿಗಿಯಾಗುತ್ತದೆ. ಇನ್ನೊಂದು ಗೊಂದಲ: ಡ್ಯಾಂಪರ್ ವಿಷಯದಲ್ಲಿ ನಿಧಾನ, ವೇಗ ಅಂದರೆ ಕಾರಿನದ್ದಲ್ಲ, ಸರಳಿನದ್ದು. ತಿರುವಿನಲ್ಲಿ ಕಾರು ವಾಲುವಾಗ, ಬ್ರೇಕಿಗೆ ಮೂಗು ಬಾಗುವಾಗ ಸರಳು ನಿಧಾನ ಚಲಿಸುತ್ತದೆ. ಗುಂಡಿಗೆ ಬಿದ್ದಾಗ ಸರ್ರನೆ. ಪಾರ್ಕಿಂಗ್ ಲಾಟಿನಲ್ಲಿ ಮೆಲ್ಲಗೆ ಹೋಗುವಾಗಲೂ ಚೂಪು ಅಂಚಿನ ಗುಂಡಿ ಅದಕ್ಕೆ ವೇಗವೇ.

ಹೀಗೆ ಮಾಡಿ. ಎಲ್ಲಾ ತಿರುಪನ್ನೂ ಪೂರ್ತಿ ಬಿಗಿ ಕಡೆಗೆ ತಂದು, ಅಲ್ಲಿಂದ ಬಿಚ್ಚುತ್ತಾ ಕ್ಲಿಕ್ ಎಣಿಸಿ, ಪೂರ್ತಿ ಸಡಿಲದವರೆಗೆ. ಸಡಿಲದಲ್ಲೇ ಓಡಿಸಿ. ಒಂದು ದೊಡ್ಡ ಉಬ್ಬು ದಾಟಿದ ಮೇಲೆ ಕಾರು ತೊಟ್ಟಿಲ ಹಾಗೆ ಎರಡು ಮೂರು ಸಲ ತೂಗುತ್ತದೆ. ಮುಂದೆ ಮಾತ್ರ ಎರಡು ಕ್ಲಿಕ್ ಬಿಗಿ ಮಾಡಿ, ಅದೇ ಉಬ್ಬು, ಅದೇ ವೇಗ. ಮತ್ತೆ ಎರಡು. ಎದ್ದು, ಇಳಿದು, ಒಂದೇ ಸಲಕ್ಕೆ ನಿಂತರೆ ಅಲ್ಲೇ ಬಿಡಿ. ಆಮೇಲೆ ಹಿಂದೆ. ಎರಡೂ ಒಟ್ಟಿಗೆ ತಿರುಗಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಬಿಗಿ ಜಾಸ್ತಿಯಾದರೆ ಹೇಗೆ ಗೊತ್ತಾಗುತ್ತದೆ? ಇಲ್ಲೇ ನಾನು ಬಹಳ ದಿನ ಮೋಸ ಹೋದದ್ದು. ರಿಬೌಂಡ್ ಬಿಗಿ ಇದ್ದರೆ ಸ್ಟಿಯರಿಂಗ್‌ಗೆ ಕಾರು ಟಕ್ಕನೆ ಉತ್ತರ ಕೊಡುತ್ತದೆ, ಮೊದಲ ಹತ್ತು ನಿಮಿಷ ಬಹಳ ಚೆನ್ನಾಗಿದೆ ಅನ್ನಿಸುತ್ತದೆ. ಸಾಲಾಗಿ ಉಬ್ಬು ಬಂದಾಗ ಬಣ್ಣ ಬಯಲು. ಮೊದಲ ಉಬ್ಬಿಗೆ ಒಳಗೆ ಹೋದ ಚಕ್ರ ಕೆಳಗೆ ಬರುವಷ್ಟರಲ್ಲಿ ಎರಡನೆಯದು ಬರುತ್ತದೆ, ಇನ್ನೂ ಒಳಗೆ ತಳ್ಳುತ್ತದೆ, ಮೂರನೆಯದು ಇನ್ನೂ. ಕಾರು ಮೆಟ್ಟಿಲಿಳಿದ ಹಾಗೆ ಕುಸಿಯುತ್ತಾ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಮತ್ತೆ ಅದೇ ಕತೆ, ಜಾಗ ಇಲ್ಲ. ಜಿಪ್ ಟೈ ನೋಡಿ, ಮೇಲೆ ಹೋಗಿ ಕೂತಿರುತ್ತದೆ. ಆಗ ಎಲ್ಲರೂ ಸ್ಪ್ರಿಂಗ್ ಮೆತ್ತಗಾಯಿತು ಅಂತ ಇನ್ನೂ ಗಟ್ಟಿ ಸ್ಪ್ರಿಂಗ್ ಕೊಳ್ಳುತ್ತಾರೆ. ಎರಡು ಕ್ಲಿಕ್ ಬಿಚ್ಚಿದ್ದರೆ ಸಾಕಿತ್ತು.

ಬಾರ್ ಕೊನೆಗೆ

ಆ್ಯಂಟಿ ರೋಲ್ ಬಾರ್, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಅಡ್ಡ ಸರಳು, ಎಲ್ಲರೂ ಮೊದಲು ಹಾಕುತ್ತಾರೆ, ನಾನು ಕೊನೆಗೆ ಹಾಕಿ ಅನ್ನುತ್ತೇನೆ. ತುಂಬು ಸರಳಿನ ಬಾರ್ ಆದರೆ ಅದರ ಗಟ್ಟಿತನ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. 19 ಮಿ.ಮೀ. ಬದಲು 22 ಹಾಕಿದರೆ "ಮೂರೇ ಮಿ.ಮೀ. ಅಲ್ವಾ" ಅನ್ನಿಸುತ್ತದೆ, ಲೆಕ್ಕದಲ್ಲಿ 80 ಶೇಕಡ ಜಾಸ್ತಿ. ಬಾರ್ ಎಡ ಬಲ ಚಕ್ರಗಳನ್ನು ಕಟ್ಟಿಹಾಕುತ್ತದೆ, ಆದ್ದರಿಂದ ಎಡ ಚಕ್ರ ಗುಂಡಿಗೆ ಬಿದ್ದರೆ ಬಲಕ್ಕೂ ಸುದ್ದಿ ಮುಟ್ಟುತ್ತದೆ.

ಕಾರಿನ ಸಮತೋಲನ ತಿದ್ದಲು ಮಾತ್ರ ಇದು ಬಲು ಒಳ್ಳೆಯ ಸಾಧನ. ಮುಂದೆ ಬಿಗಿ ಮಾಡಿದರೆ ಮೂಗು ಹೊರಗೆ ಜಾರುತ್ತದೆ, ಅಂದರೆ ಅಂಡರ್‌ಸ್ಟೀರ್. ಹಿಂದೆ ಬಿಗಿ ಮಾಡಿದರೆ ಬಾಲ ಹೊರಗೆ, ಓವರ್‌ಸ್ಟೀರ್. ಆದರೆ ತಿರುವಿನ ಯಾವ ಹಂತದಲ್ಲಿ ಜಾರುತ್ತದೆ ಅಂತ ಮೊದಲು ಗಮನಿಸಿ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ, ಅಥವಾ ಆ್ಯಕ್ಸಿಲರೇಟರ್ ಕೊಟ್ಟ ಕೂಡಲೇ ಆದರೆ ಡ್ಯಾಂಪರ್, ಟೋ ಕಡೆ ನೋಡಿ. ತಿರುವಿನ ಮಧ್ಯೆ, ಎಲ್ಲಾ ಸ್ಥಿರವಾಗಿರುವಾಗ ಆದರೆ ಬಾರ್, ಸ್ಪ್ರಿಂಗ್. ಉಬ್ಬಿನ ಮೇಲೆ ಮಾತ್ರ ಆದರೆ ಜಾಗ. ಬಾರ್ ಕೊಂಡಿಗಳನ್ನು ಜೋಡಿಸುವಾಗಲೂ ಅಕ್ಕಿ ಚೀಲ ಸೀಟಿನಲ್ಲಿರಲಿ, ಬೋಲ್ಟ್ ಕೈಯಲ್ಲೇ ಸಲೀಸಾಗಿ ತೂರುವಂತಿರಬೇಕು. ಬಲವಂತವಾಗಿ ತೂರಿಸಿದರೆ ನಿಂತಲ್ಲೇ ಬಾರ್ ಒಂದು ಕಡೆಗೆ ಎಳೆಯುತ್ತಿರುತ್ತದೆ.

ಈ ಜಾರಾಟವನ್ನೆಲ್ಲ ಸಾರ್ವಜನಿಕ ರಸ್ತೆಯಲ್ಲಿ ಹುಡುಕಬೇಡಿ. ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಅವರು ದೊಡ್ಡ ಖಾಲಿ ಜಾಗದಲ್ಲಿ ಶಂಕುಗಳನ್ನಿಟ್ಟು ಆಟೋಕ್ರಾಸ್ ನಡೆಸುತ್ತಾರೆ, ಜಾರಿದರೆ ಪ್ಲಾಸ್ಟಿಕ್ ಶಂಕು ಬೀಳುತ್ತದೆ, ಯಾರ ಮಗುವೂ ಅಡ್ಡ ಬರುವುದಿಲ್ಲ.

ಬೆಂಗಳೂರಿನ ಗೆಳೆಯರು ತಮ್ಮ ಹ್ಯಾಚ್‌ಬ್ಯಾಕ್‌ಗೂ ಇದು ನಡೆಯುತ್ತದಾ ಅಂತ ಕೇಳುತ್ತಾರೆ. ಅರ್ಧ ನಡೆಯುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಮೇಲಿನ ತೋಳಿಲ್ಲ, ಡ್ಯಾಂಪರೇ ಆ ಕೆಲಸ ಮಾಡುತ್ತದೆ), ಹಿಂದೆ ಟಾರ್ಷನ್ ಬೀಮ್ (ಎರಡು ಚಕ್ರ ಸೇರಿಸುವ ಒಂದೇ ತೊಲೆ), ಬದಲಿಸಲು ಸಿಗುವುದು ಮುಂದಿನ ಟೋ ಒಂದೇ. ಸ್ಟ್ರಟ್ ಕಾರನ್ನು ಇಳಿಸಿದರೆ ಕೆಳತೋಳು ಹೊರಕ್ಕೆ ಮೇಲ್ಮುಖವಾಗುತ್ತದೆ, ಆಮೇಲೆ ತಿರುವಿನಲ್ಲಿ ಕಾರು ವಾಲುವುದು ಜಾಸ್ತಿಯೇ ಆಗುತ್ತದೆ, ಕಡಿಮೆಯಲ್ಲ. ಹಂಪ್ ಬೇರೆ. ಭಾರತದ ರಸ್ತೆ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ದುಂಡಗೆ ಇರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳು ಈ ಪುಸ್ತಕ ಓದಿಲ್ಲ. ಕಂಪನಿಯ ಎತ್ತರ ಹಾಗೇ ಬಿಡಿ, ಒಳ್ಳೆಯ ಟೈರು, ಒಳ್ಳೆಯ ಡ್ಯಾಂಪರ್, ಹೊಸ ಬುಶ್. ಅಷ್ಟಕ್ಕೇ ಕಾರು ಬೇರೆಯಾಗುತ್ತದೆ.

ಎಲ್ಲಾ ಮುಗಿದ ಮೇಲೆ 100 ಮೈಲಿ ಓಡಿಸಿ ಬೋಲ್ಟುಗಳನ್ನು ಟಾರ್ಕ್ ರೆಂಚ್ ಹಿಡಿದು ಮತ್ತೆ ನೋಡಿ, ಸಂಖ್ಯೆ ಮ್ಯಾನುಯಲ್‌ನಲ್ಲಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಬ್ರೇಕ್ ಪೈಪು, ಎಬಿಎಸ್ ವೈರು ಎಲ್ಲೂ ಎಳೆಯುತ್ತಿಲ್ಲ ಅಂತ ಖಾತರಿ ಮಾಡಿಕೊಳ್ಳಿ. ಎತ್ತರ ಬದಲಾದ್ದರಿಂದ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿರಬಹುದು, ಗೋಡೆಗೆ ಬಿಟ್ಟು ಸರಿ ಮಾಡಿ.

ನಾನು ಅಂಕಿ ಬರೆದಿಡುವ ಪುಸ್ತಕದ ಕೊನೆಯ ಪುಟದಲ್ಲಿ ಇವತ್ತಿಗೆ ಇರುವುದು ಇದು: 27 ಪಿಎಸ್ಐ, 7ಕೆ ಮತ್ತು 6ಕೆ, ಕ್ಯಾಂಬರ್ 1.4 ಮತ್ತು 1.7, ಬಿಗಿಯಿಂದ ಮುಂದೆ 9 ಕ್ಲಿಕ್ ಹೊರಗೆ, ಹಿಂದೆ 11, ಬಾರ್ ಎರಡೂ ಕಂಪನಿಯದೇ. ಜಿಪ್ ಟೈ ಬಂಪ್ ಸ್ಟಾಪ್ ಮುಟ್ಟುವುದು ಪೇಜ್ ಮಿಲ್ ರಸ್ತೆಯ ಒಂದೇ ಒಂದು ತಗ್ಗಿನಲ್ಲಿ. ಅದರ ಕೆಳಗೆ ಪೆನ್ಸಿಲ್‌ನಲ್ಲಿ "ಎಡ ಹಿಂದೆ ಕಟಕಟ, ಬಾರ್ ಕೊಂಡಿ?" ಅಂತ ಬರೆದಿದ್ದೇನೆ. ಶನಿವಾರ ಅದನ್ನು ಬಿಚ್ಚಬೇಕು.